ಹಾಕೋದು ಬೇರೆ, ನೋಡೋದು ಬೇರೆ: ಕೌದಿ ಹೊಲಿಯುವ ಕೈಗೆ ಫೋನ್ ಬಂದಾಗ

ನಮ್ಮ ಕೊಪ್ಪಳದ ಗವಿಮಠದ ಜಾತ್ರೆಯ ವಾರ ನನ್ನದೊಂದು ರೀಲ್ ಓಡಿತು. ಇಪ್ಪತ್ತೆರಡು ಸೆಕೆಂಡಿನ ರೀಲ್. ಅವ್ವನ ಹಳೆಯ ಇಳಕಲ್ ಸೀರೆಯ ಸೆರಗನ್ನು ಕೌದಿಯ ನಡುವೆ ಕೂರಿಸಿ, ಸುತ್ತ ಚೌಕ ಚೌಕ ತುಂಡು ಜೋಡಿಸಿದ್ದೆ. ಜಾತ್ರೆಗೆ ಬಂದ ನೆಂಟರು ಮನೆ ತುಂಬಿದ್ದರು. ದಾಸೋಹಕ್ಕೆ ಕೊಡಲು ರೊಟ್ಟಿ ಬಡಿಯುವ ಸಪ್ಪಳ ಓಣಿ ತುಂಬ ಕೇಳುತ್ತಿತ್ತು. ನಾನು ಮಾತ್ರ ಅಡುಗೆ ಮನೆಯ ಮೂಲೆಯಲ್ಲಿ ನಿಂತು ನಂಬರ್ ಏರೋದನ್ನ ನೋಡುತ್ತಿದ್ದೆ. ನಲವತ್ತು ಸಾವಿರ. ತೊಂಬತ್ತು ಸಾವಿರ. ನಾಲ್ಕನೇ ದಿನಕ್ಕೆ ಎರಡು ಲಕ್ಷ.

ಆ ನಾಲ್ಕು ದಿನದಲ್ಲಿ ಒಂದು ಹೊಲಿಗೆಯನ್ನೂ ಹಾಕಲಿಲ್ಲ. ಖುಷಿಯಲ್ಲಿ ಕೇಳಿದವರಿಗೆಲ್ಲ ಹೂಂ ಎಂದು ಹನ್ನೊಂದು ಆರ್ಡರ್ ಹಿಡಿದೆ. ಡಬಲ್ ಕಾಟಿನ ಒಂದು ಕೌದಿ ಹೊಲಿಯಲು ನನಗೆ 25 ದಿನ ಬೇಕು, ಅದೂ ದಿನಾ ಮಧ್ಯಾಹ್ನ ಕೂತರೆ. ಹನ್ನೊಂದಕ್ಕೆ 275 ದಿನ ಆಯಿತಲ್ಲ! ಈ ಗುಣಾಕಾರ ನನಗೆ ಹೊಳೆದದ್ದು ಜಾತ್ರೆ ಮುಗಿದು, ನೆಂಟರನ್ನು ಬಸ್ಸಿಗೆ ಹತ್ತಿಸಿ ಬಂದ ಮೇಲೆ. ಕೊನೆಗೆ ಐದು ಕೌದಿ ಕೊಟ್ಟೆ. ಆರು ಜನರಿಗೆ ಅಡ್ವಾನ್ಸ್ ವಾಪಸ್ ಹಾಕಿದೆ. ಅವರಲ್ಲಿ ಇಬ್ಬರು ಬೈದರು. ಬೈದದ್ದು ಸರಿಯಾಗೇ ಇತ್ತು.

"ಸೂಜಿ ಹಿಡಿಯೋ ಕೈಯಾಗ ಅದೇನ್ ಹಿಡಕೊಂಡ್ ಕುಂತಿಯವ್ವಾ, ಸೂಜಿ ತುಕ್ಕ ಹಿಡಿತೈತಿ ನೋಡು" ಎಂದು ನಮ್ಮತ್ತೆ ಅಂದಾಗ ಸಿಟ್ಟು ಬಂದಿತ್ತು. ಆಮೇಲೆ ಯೋಚಿಸಿದೆ. ಫೋನ್ ಬಿಟ್ಟೇ ಬಿಡೋಣ ಎಂದರೆ ಆಗಲ್ಲ. ನನ್ನ ಕೌದಿ ಕೊಪ್ಪಳ ದಾಟಿ ಬೆಂಗಳೂರು, ಪುಣೆ ಸೇರಿದ್ದು ಅದರಿಂದಲೇ. ಹಾಗಂತ ಇಟ್ಟುಕೊಂಡರೆ ಕೌದಿಯೇ ಹುಟ್ಟಲ್ಲ. ಈ ಗೋಜಲು ಬಿಡಿಸಿಕೊಳ್ಳಲು ನನಗೆ ಸುಮಾರು ಆರು ತಿಂಗಳು ಹಿಡಿಯಿತು. ನೀವು ಹಾಡುವವರಿರಬಹುದು, ರಂಗೋಲಿ ಹಾಕುವವರಿರಬಹುದು, ಶೇಂಗಾ ಚಟ್ನಿ ಮಾಡಿ ಮಾರುವವರಿರಬಹುದು, ಮಕ್ಕಳಿಗೆ ಗಣಿತ ಹೇಳಿಕೊಡುವವರಿರಬಹುದು. ನಾನು ಮಾಡಿದ್ದನ್ನು ಅನುಕ್ರಮವಾಗಿ ಬರೆಯುತ್ತೇನೆ. ನಿಮಗೆ ಹೊಂದುವಷ್ಟು ತೆಗೆದುಕೊಳ್ಳಿ.

ಮೊದಲ ವಾರ: ಏನೂ ಬದಲಿಸಬೇಡಿ, ಲೆಕ್ಕ ಮಾತ್ರ ಬರೆಯಿರಿ

ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಡಿಜಿಟಲ್ ವೆಲ್‌ಬೀಯಿಂಗ್' ಅಂತ ಇರುತ್ತದೆ. ಐಫೋನಿನಲ್ಲಿ ಅದರ ಹೆಸರು 'ಸ್ಕ್ರೀನ್ ಟೈಮ್'. ಎರಡೂ 2018ರಲ್ಲೇ ಬಂದಿವೆ, ನಾವು ತೆರೆದು ನೋಡಿರಲ್ಲ ಅಷ್ಟೆ. ಯಾವ ಆ್ಯಪಿನಲ್ಲಿ ಎಷ್ಟು ಹೊತ್ತು ಇದ್ದಿರಿ, ದಿನಕ್ಕೆ ಎಷ್ಟು ಸಲ ಫೋನ್ ತೆರೆದಿರಿ ಎಂದು ಅದು ಹೇಳುತ್ತದೆ.

ಆದರೆ ಒಂದು ವಿಷಯ ಅದಕ್ಕೆ ಗೊತ್ತಾಗಲ್ಲ. ಇನ್‌ಸ್ಟಾಗ್ರಾಂನಲ್ಲಿ ನೀವು ನಿಮ್ಮ ಕೆಲಸ ಹಾಕುತ್ತಿದ್ದಿರೋ, ಬೇರೆಯವರದ್ದು ನೋಡುತ್ತಿದ್ದಿರೋ? ಅದಕ್ಕೆ ಎರಡೂ ಒಂದೇ. ಹಾಗಾಗಿ ಒಂದು ನೋಟುಬುಕ್ಕು ಬೇಕು. ಮಗನ ಹಳೆಯ ರಫ್ ನೋಟಿನಲ್ಲಿ ನಡುವೆ ಗೆರೆ ಎಳೆದೆ. ಎಡಕ್ಕೆ 'ಹಾಕಿದ್ದು', ಬಲಕ್ಕೆ 'ನೋಡಿದ್ದು'. ಫೋಟೊ ತೆಗೆಯೋದು, ಎಡಿಟ್ ಮಾಡೋದು, ನಾಲ್ಕು ಸಾಲು ಬರೆಯೋದು, ಗಿರಾಕಿಗೆ ಉತ್ತರ ಕೊಡೋದು ಎಲ್ಲ ಎಡಕ್ಕೆ. ಉಳಿದದ್ದೆಲ್ಲ ಬಲಕ್ಕೆ.

ಏಳು ದಿನಕ್ಕೆ ನನ್ನದು ಒಟ್ಟು 23 ಗಂಟೆ. ಅದರಲ್ಲಿ ಎಡಗಡೆ ಬಂದದ್ದು ಮೂರೂವರೆ. "ನನ್ನ ಕಲೆಗೆ ಬೇಕಲ್ಲ, ಅದಕ್ಕೇ ಫೋನ್ ನೋಡ್ತೀನಿ" ಅಂತ ಮನೆಯವರಿಗೆ ಎಷ್ಟು ಸಲ ಹೇಳಿದ್ದೆನೋ! ಮೂರೂವರೆ ಗಂಟೆಯ ನೆಪದಲ್ಲಿ ಇಪ್ಪತ್ತು ಗಂಟೆ ಹೋಗುತ್ತಿತ್ತು. ಸಂತೆಗೆ ಕಾಯಿಪಲ್ಲೆ ಮಾರಲು ಹೋದವಳು ಬುಟ್ಟಿ ಖಾಲಿಯಾದ ಮೇಲೂ ಮನೆಗೆ ಬರದೆ ಅಂಗಡಿ ಅಂಗಡಿ ತಿರುಗಿದ ಹಾಗೆ.

ನನ್ನ ಮಟ್ಟಿಗೆ ಇಡೀ ವಿಷಯ ಇರುವುದು ಈ ಗೆರೆಯಲ್ಲೇ. ಹಾಕೋದು ಕೆಲಸ. ನೋಡೋದು ತಿರುಗಾಟ. ತಿರುಗಾಟ ತಪ್ಪು ಅಂತ ನಾನು ಹೇಳಲ್ಲ, ನನಗೂ ಬೇಕು. ಆದರೆ ಎರಡನ್ನೂ ಒಂದೇ ಹೊತ್ತಿಗೆ, ಒಂದೇ ಹೆಸರಲ್ಲಿ ಮಾಡಿದರೆ ತಿರುಗಾಟವೇ ಗೆಲ್ಲುತ್ತದೆ. ಆ ಆ್ಯಪುಗಳನ್ನು ಕಟ್ಟಿರುವುದೇ ಹಾಗೆ. ಬೆರಳು ಸರಿಸಿದಷ್ಟೂ ಮುಗಿಯದ ಪುಟವನ್ನು 2006ರಲ್ಲಿ ರೂಪಿಸಿದ ಅಜಾ ರಾಸ್ಕಿನ್ ಎಂಬ ಎಂಜಿನಿಯರ್, ಮುಂದೆ ತಾವೇ ಅದರ ಬಗ್ಗೆ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟಿದ್ದಾರೆ. ಮೊದಲೆಲ್ಲ ಪುಟ ಮುಗಿಯುತ್ತಿತ್ತು, ಮುಂದಿನ ಪುಟಕ್ಕೆ ನಾವೇ ಒತ್ತಬೇಕಿತ್ತು. ಆ ಒಂದು ಕ್ಷಣದಲ್ಲಿ "ಸಾಕು" ಅನಿಸುತ್ತಿತ್ತು. ಈಗ ಆ ಕ್ಷಣವೇ ಇಲ್ಲ.

ಎರಡನೇ ಹೆಜ್ಜೆ: ಯಾತಕ್ಕೆ ಹಾಕುತ್ತೀರಿ, ಎಲ್ಲಿ ಹಾಕುತ್ತೀರಿ

ಒಂದೇ ಸಾಲಿನಲ್ಲಿ ಬರೆಯಿರಿ. ನಾನು ಕ್ಯಾಲೆಂಡರಿನ ಹಿಂದೆ ಬರೆದದ್ದು ಇದು: "ತಿಂಗಳಿಗೆ ಒಂದು ಕೌದಿ ಮಾರಬೇಕು, ಅಷ್ಟೇ." ತಿಂಗಳಿಗೆ ಒಂದು ಮಾರಲು ಎರಡು ಲಕ್ಷ ಜನ ಬೇಕಿಲ್ಲ. ಮೂವರು ವಿಚಾರಿಸಿದರೂ ಸಾಕು.

ನಿಮ್ಮದು ದುಡ್ಡಿನ ವಿಷಯ ಇಲ್ಲದಿರಬಹುದು. ನಮ್ಮ ಓಣಿಯಲ್ಲಿ ಒಬ್ಬ ಅಕ್ಕ ಸೋಬಾನೆ ಹಾಡುತ್ತಾರೆ. ಅವರಿಗೆ ಹಾಡು ಉಳಿಯಬೇಕು, ಮೊಮ್ಮಕ್ಕಳು ಮುಂದೆಂದಾದರೂ ಕೇಳಬೇಕು, ಬೇರೇನೂ ಬೇಡ. ಹಾಗಿದ್ದ ಮೇಲೆ ದಿನಾ ರೀಲ್ ಹಾಕುವ ಉಪದ್ರವ ಏಕೆ? ಯೂಟ್ಯೂಬಿನಲ್ಲಿ ತಿಂಗಳಿಗೊಂದು ಪೂರ್ತಿ ಹಾಡು ಹಾಕಿದರೆ ಅದು ಅಲ್ಲೇ ಇರುತ್ತದೆ. ಹುಡುಕಿದವರಿಗೆ ಸಿಗುತ್ತದೆ.

ಒಂದೇ ಜಾಗ ಆರಿಸಿಕೊಳ್ಳಿ. ಕೈಕೆಲಸ ಕಣ್ಣಿಗೆ ಕಾಣುವಂಥದ್ದಾದರೆ ಇನ್‌ಸ್ಟಾಗ್ರಾಂ. ಹಾಡು, ಪಾಠ, ಅಡುಗೆಯಂಥ ಉದ್ದದ್ದಕ್ಕೆ ಯೂಟ್ಯೂಬ್. ರೊಟ್ಟಿ, ಚಟ್ನಿ, ಬ್ಲೌಸ್ ಹೊಲಿಗೆಯಂಥ ಊರೊಳಗಿನ ವ್ಯಾಪಾರಕ್ಕೆ ವಾಟ್ಸ್‌ಆ್ಯಪ್ ಬಿಸಿನೆಸ್ ಬೇಕಾದಷ್ಟಾಯಿತು. ನಾನು ಮೊದಲು ಮೂರೂ ಕಡೆ ಇದ್ದೆ. ಫೇಸ್‌ಬುಕ್ ಬೇರೆ. ಒಂದೇ ಫೋಟೊಗೆ ನಾಲ್ಕು ಕಡೆ "ಸೂಪರ್ ಅಕ್ಕಾ" ಓದಿ ನಾಲ್ಕು ಕಡೆ ಕೈ ಮುಗಿಯಬೇಕಿತ್ತು.

ಯೂಟ್ಯೂಬಿನಿಂದ ದುಡ್ಡು ಬರುತ್ತದೆ ಎಂದು ಹೊರಡುವವರು ಒಂದು ಲೆಕ್ಕ ತಿಳಿದಿರಲಿ. ಜಾಹೀರಾತಿನ ಹಣದಲ್ಲಿ ಪಾಲು ಬೇಕೆಂದರೆ 1,000 ಸಬ್‌ಸ್ಕ್ರೈಬರ್‌ಗಳು ಇರಬೇಕು. ಜೊತೆಗೆ ಹಿಂದಿನ 12 ತಿಂಗಳಲ್ಲಿ 4,000 ಗಂಟೆಯ ವೀಕ್ಷಣೆ, ಇಲ್ಲವೇ 90 ದಿನಗಳಲ್ಲಿ ಶಾರ್ಟ್ಸ್ ಎಂಬ ಚಿಕ್ಕ ವಿಡಿಯೊಗಳಿಗೆ ಒಂದು ಕೋಟಿ ವ್ಯೂಸ್. ಆಗಲ್ಲ ಅಂತಲ್ಲ. ಆದರೆ ಮನೆ ಬಾಡಿಗೆ ಅದರಿಂದ ಕಟ್ಟುತ್ತೇನೆ ಅಂತ ಹೊಲಿಗೆ ಮಷಿನ್ ಮಾರಬೇಡಿ.

ಮೂರನೇ ಹೆಜ್ಜೆ: ವಾರಕ್ಕೊಂದು ಹಾಕುವ ದಿನ

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗ ಆದದ್ದು ಇದು.

ಮೊದಲು ನಾನು ದಿನಾ ಏನಾದರೂ ಹಾಕುತ್ತಿದ್ದೆ. ಹೊಲಿಯುತ್ತಾ ಕೂತಾಗ ಒಂದು ಸಾಲು ಚೆಂದ ಬಂತು ಅನಿಸಿದರೆ ಸೂಜಿ ಚುಚ್ಚಿಟ್ಟು ಫೋನ್ ತೆಗೆಯೋದು. ಒಂದು ಫೋಟೊ. ಹಾಕೋದು. ಹಾಕಿದ ಮೇಲೆ ಯಾರು ನೋಡಿದರು ಅಂತ ನೋಡೋದು. ನೋಡುತ್ತಾ ಬೇರೆ ರೀಲ್‌ಗೆ ಹೋಗೋದು. ತಿರುಗಿ ಸೂಜಿ ಹಿಡಿಯುವಷ್ಟರಲ್ಲಿ ಮುಕ್ಕಾಲು ಗಂಟೆ. ಕೌದಿ ಹೊಲಿಗೆಗೆ ಒಂದು ಲಯ ಇರುತ್ತದೆ. ಐದಾರು ಪದರ ಬಟ್ಟೆಯೊಳಗೆ ಸೂಜಿ ಇಳಿದು ಮೇಲೆ ಬರುವಾಗ ಎಡಗೈ ಬೆರಳು ಕೆಳಗಿನಿಂದ ಅದನ್ನು ಕಾಯುತ್ತಿರುತ್ತದೆ. ಕೂತು ಇಪ್ಪತ್ತು ನಿಮಿಷ ಆದ ಮೇಲೆ ಹೊಲಿಗೆಯ ಅಂತರ ತಾನಾಗಿಯೇ ಒಂದೇ ಅಳತೆಗೆ ಬರುತ್ತದೆ. ನಡುವೆ ಎದ್ದರೆ ಮತ್ತೆ ಮೊದಲಿನಿಂದ. ಆ ತಿಂಗಳುಗಳಲ್ಲಿ ಹೊಲಿದ ಒಂದು ಕೌದಿ ನನ್ನ ಬಳಿಯೇ ಉಳಿದಿದೆ. ತಿರುಗಿಸಿ ನೋಡಿದರೆ ಎಲ್ಲೆಲ್ಲಿ ಎದ್ದಿದ್ದೆ ಎಂದು ಹೊಲಿಗೆಯೇ ಹೇಳುತ್ತದೆ. ಒಂದು ಗೇಣು ನೇರ, ಆಮೇಲೆ ಸೊಟ್ಟ. ಮತ್ತೆ ಒಂದು ಗೇಣು ನೇರ.

ಈಗ ಭಾನುವಾರ ಮಾತ್ರ. ಬೆಳಿಗ್ಗೆ ಒಗ್ಗರಣೆ-ಮಿರ್ಚಿ ತಿಂದು, ಏಳೂವರೆಗೆ ಬಾಗಿಲ ಬಳಿ ಕೌದಿ ಹರಡುತ್ತೇನೆ. ನಮ್ಮ ಕಡೆ ಒಂಬತ್ತು ದಾಟಿದರೆ ಬಿಸಿಲು ಬಟ್ಟೆಯ ಬಣ್ಣ ತಿಂದು ಹಾಕುತ್ತದೆ, ಕೆಂಪು ಕೂಡ ಬೆಳ್ಳಗೆ ಕಾಣುತ್ತದೆ. ಏಳರಿಂದ ಒಂಬತ್ತರವರೆಗಿನ ಓರೆ ಬೆಳಕಿನಲ್ಲಿ ಪ್ರತಿ ಹೊಲಿಗೆಯ ಉಬ್ಬು ಎದ್ದು ಕಾಣುತ್ತದೆ. ಟ್ರೈಪಾಡ್ ನನ್ನಲ್ಲಿಲ್ಲ. ಎರಡು ಸ್ಟೀಲ್ ಡಬ್ಬಿ ಒಂದರ ಮೇಲೊಂದಿಟ್ಟು, ಅದರ ಮೇಲೆ ಜೋಳ ತುಂಬಿದ ಸಣ್ಣ ಚೀಲ ಇಡಿ. ಚೀಲದೊಳಗೆ ಒಂದು ಕುಳಿ ಒತ್ತಿ ಫೋನ್ ನಿಲ್ಲಿಸಿದರೆ ಅಲ್ಲಾಡಲ್ಲ. ಚಿತ್ರೀಕರಿಸುವಾಗ ಏರೋಪ್ಲೇನ್ ಮೋಡ್ ಹಾಕಿ. ಇಲ್ಲದಿದ್ದರೆ ನಡುವೆ ಒಂದು ಮೆಸೇಜ್ ಬರುತ್ತದೆ, ಅದನ್ನು ನೋಡುತ್ತೀರಿ, ಬೆಳಕು ಹೋಗುತ್ತದೆ.

ಒಂದೇ ದಿನ ವಾರಕ್ಕೆ ಆಗುವಷ್ಟು ಹೇಗೆ ತೆಗೆಯೋದು ಎಂದು ಕೇಳಬಹುದು. ಉತ್ತರ ನನಗೆ ಸಿಕ್ಕಿದ್ದು ಕಿನ್ನಾಳದಲ್ಲಿ. ಕೊಪ್ಪಳದಿಂದ ಹತ್ತಿರವೇ ಇದೆ, ಗೊಂಬೆಗೆ ಭೌಗೋಳಿಕ ಸೂಚಿ (ಜಿಐ), ಅಂದರೆ ಈ ಊರಿನದೇ ಎಂಬ ಸರ್ಕಾರಿ ಗುರುತು ಸಿಕ್ಕಿದ ಊರು. ಅಲ್ಲಿನ ಚಿತ್ರಗಾರರ ಮನೆಯಲ್ಲಿ ಒಂದು ಗೊಂಬೆ ಒಂದೇ ದಿನಕ್ಕೆ ಆಗಲ್ಲ. ಹಗುರ ಮರ ಕೆತ್ತಬೇಕು, ತುಂಡು ಜೋಡಿಸಬೇಕು. ನೆನೆಸಿದ ಗೋಣಿನಾರು, ಕಟ್ಟಿಗೆ ಹೊಟ್ಟು, ಹುಣಸೆ ಬೀಜದ ಅಂಟು ಸೇರಿಸಿ ಕಿಟ್ಟ ಮಾಡಿ ಸಂದು ಮುಚ್ಚಬೇಕು. ಒಣಗಿಸಬೇಕು. ಒಡವೆಯ ಉಬ್ಬು ಕೆಲಸ ಬೇರೆ, ಆಮೇಲೆ ಬಣ್ಣ. ಒಂದು ಗೊಂಬೆಯೊಳಗೆ ತೋರಿಸುವಂಥ ಐದಾರು ಹಂತ ಇವೆ. ನಿಮ್ಮ ಕೆಲಸದಲ್ಲೂ ಇವೆ. ಕೌದಿಯಲ್ಲಿ ಸೀರೆ ಆರಿಸೋದು, ತೊಳೆದು ಒಣಹಾಕೋದು, ಚೌಕ ಕತ್ತರಿಸೋದು, ಪದರ ಹಾಸೋದು, ಅಂಚಿನಿಂದ ಒಳಗೆ ಹೊಲಿಯುತ್ತಾ ಬರೋದು. ಒಂದು ಕೌದಿಯಿಂದ ತಿಂಗಳ ಪೋಸ್ಟ್ ಆಗುತ್ತದೆ. ಹೊಸದಾಗಿ ಏನು ತೋರಿಸಲಿ ಎಂದು ತಲೆ ಕೆಡಿಸಿಕೊಳ್ಳುವುದೇ ಬೇಡ.

ತೆಗೆದಿಟ್ಟದ್ದನ್ನು ಶೆಡ್ಯೂಲ್ ಮಾಡಿಬಿಡಿ. ಇನ್‌ಸ್ಟಾಗ್ರಾಂನಲ್ಲಿ ಪ್ರೊಫೆಷನಲ್ ಅಕೌಂಟ್ ಇದ್ದರೆ 75 ದಿನ ಮುಂಚೆಯೇ ದಿನ, ಹೊತ್ತು ಗೊತ್ತು ಮಾಡಿ ಇಡಬಹುದು. ಯೂಟ್ಯೂಬಿನಲ್ಲೂ ಆ ಸೌಲಭ್ಯ ಇದೆ. ಬುಧವಾರ ಸಂಜೆ ನನ್ನ ವಿಡಿಯೊ ಹೊರಬರುವಾಗ ನಾನು ಬದನೆಕಾಯಿ ಹೆಚ್ಚುತ್ತಿರುತ್ತೇನೆ. ಹಾಕಿದ ಕೂಡಲೇ ನೋಡಬೇಕು ಅನ್ನುವ ಆ ತುರಿಕೆ ಇದರಿಂದಲೇ ಅರ್ಧ ಕಮ್ಮಿಯಾಯಿತು. ಹಾಕುವ ಹೊತ್ತಿಗೆ ನಾವು ಅಲ್ಲಿ ಇರಲ್ಲವಲ್ಲ.

ನಾಲ್ಕನೇ ಹೆಜ್ಜೆ: ಫೋನಿಗೆ ಬೇಲಿ

ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದು ಯಾರು ಬೇಕಾದರೂ ಹೇಳಬಹುದು. ನನ್ನ ಮನಸ್ಸು ಅಷ್ಟು ಗಟ್ಟಿ ಇಲ್ಲ. ಸೆಟ್ಟಿಂಗ್ಸ್ ಗಟ್ಟಿ ಮಾಡಿದೆ. ಪಿಯುಸಿ ಓದುವ ಮಗನನ್ನು ಕೂರಿಸಿಕೊಂಡು ಅರ್ಧ ಗಂಟೆಯಲ್ಲಿ ಮುಗಿಸಿದ ಕೆಲಸ.

ಲೈಕ್, ಕಮೆಂಟ್, "ಇಂಥವರು ರೀಲ್ ಹಾಕಿದ್ದಾರೆ" ಎಂಬ ಎಲ್ಲ ನೋಟಿಫಿಕೇಶನ್ ಬಂದ್. ಫೋನ್ ಕರೆ ಮತ್ತು ವಾಟ್ಸ್‌ಆ್ಯಪ್ ಬಿಸಿನೆಸ್ ಮೆಸೇಜ್ ಮಾತ್ರ ಚಾಲೂ. ಇನ್‌ಸ್ಟಾಗ್ರಾಂಗೆ ದಿನಕ್ಕೆ 30 ನಿಮಿಷದ ಮಿತಿ. ಈ ಮೂವತ್ತು ನಾನು ಸುಮ್ನೆ ಇಟ್ಟ ಸಂಖ್ಯೆಯಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 143 ವಿದ್ಯಾರ್ಥಿಗಳಿದ್ದರು. ಅವರಲ್ಲಿ ಒಂದು ಗುಂಪಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್ ದಿನಕ್ಕೆ ತಲಾ ಹತ್ತು ನಿಮಿಷ ಮಾತ್ರ ಎಂದು ಮೂರು ವಾರ ಕಟ್ಟು ಹಾಕಿದರು. ಎಂದಿನಂತೆ ಬಳಸಿದವರಿಗಿಂತ ಆ ಗುಂಪಿನವರಲ್ಲಿ ಒಂಟಿತನ, ಖಿನ್ನತೆ ಕಮ್ಮಿಯಾದದ್ದು ಕಂಡುಬಂತು. ಪೂರ್ತಿ ಬಿಟ್ಟವರಲ್ಲ ಅವರು, ಕಮ್ಮಿ ಮಾಡಿದವರು. ಅದೇ ನನಗೆ ಹಿಡಿಸಿದ್ದು.

ಲೈಕ್ ಸಂಖ್ಯೆ ಮುಚ್ಚಿಡುವ ಆಯ್ಕೆ ಇನ್‌ಸ್ಟಾಗ್ರಾಂನಲ್ಲಿ 2021ರಿಂದ ಇದೆ. ಮುಚ್ಚಿದ್ದೇನೆ. ರಾತ್ರಿ ಎಂಟರಿಂದ ಬೆಳಿಗ್ಗೆ ಏಳರವರೆಗೆ ಫೋನ್ ಕಪ್ಪು-ಬಿಳುಪು. ಡಿಜಿಟಲ್ ವೆಲ್‌ಬೀಯಿಂಗ್ ಒಳಗಿನ 'ಬೆಡ್‌ಟೈಮ್ ಮೋಡ್'ನಲ್ಲಿ ಇದನ್ನು ಮಾಡಬಹುದು. ಬಣ್ಣ ಹೋದರೆ ರೀಲ್ ಎಷ್ಟು ಸಪ್ಪೆ ಅಂತ ಒಮ್ಮೆ ನೋಡಿ, ಉಪ್ಪಿಲ್ಲದ ಸಾರು. ಈ ಆಯ್ಕೆಗಳ ಹೆಸರನ್ನು ಕಂಪನಿಯವರು ಆಗಾಗ ಬದಲಿಸುತ್ತಾರೆ. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಮೇಲೆ ಹುಡುಕುವ ಜಾಗದಲ್ಲಿ 'ಟೈಮ್' ಅಂತ ಹೊಡೆದು ನೋಡಿ.

ಫೋನಿಗೆ ಮಲಗಲು ಒಂದು ಜಾಗ ಬೇಕು. ನಮ್ಮನೆಯಲ್ಲಿ ಅಡುಗೆ ಮನೆಯ ಜೋಳದ ಡಬ್ಬಿಯ ಮೇಲೆ. ಅಲಾರಂಗೆ ಬೇಕಲ್ಲ ಎಂಬ ನೆಪ ಬೇಡ. ಪೇಟೆಯಲ್ಲಿ ಒಂದು ಅಲಾರಂ ಗಡಿಯಾರ ತಂದೆ. ಅದು ಕಿರುಚುವ ಕಿರುಚಾಟಕ್ಕೆ ಪಕ್ಕದ ಮನೆಯವರೂ ಏಳುತ್ತಾರೆ ಎಂಬುದು ಬೇರೆ ಮಾತು.

ಐದನೇ ಹೆಜ್ಜೆ: ಮಾತಾಡಿಸುವವರಿಗೆ ಹೊತ್ತು, ಮೋಸಗಾರರಿಗೆ ಬಾಗಿಲು

ಕಮೆಂಟಿಗೆ ಉತ್ತರ ಕೊಡಬೇಕು. ಮೆಚ್ಚಿ ಬರೆದವರಿಗೆ ಎರಡು ಮಾತು ಹೇಳದಿದ್ದರೆ ನಮ್ಮ ಕಡೆ ಅದನ್ನು ಸೊಕ್ಕು ಅನ್ನುತ್ತಾರೆ. ಆದರೆ ಅರ್ಧ ರಾತ್ರಿಯಲ್ಲಿ ಕೊಡಬೇಕಿಲ್ಲ. ನಾನು ಸಂಜೆ ಆರರಿಂದ ಆರೂವರೆ ಇಟ್ಟುಕೊಂಡಿದ್ದೇನೆ. ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ 'ಅವೇ ಮೆಸೇಜ್' ಎಂಬುದಿದೆ, ನೀವು ಇಲ್ಲದ ಹೊತ್ತಿನಲ್ಲಿ ತಾನೇ ಉತ್ತರ ಕೊಡುತ್ತದೆ. ನನ್ನದು ಹೀಗಿದೆ: "ನಮಸ್ಕಾರ ರೀ. ಈಗ ಹೊಲಿತಾ ಇದೀನಿ. ಸಂಜೆ ಆರಕ್ಕೆ ಉತ್ತರ ಕೊಡ್ತೀನಿ. ಒಂದು ಕೌದಿಗೆ 25 ದಿನ ಬೇಕು, ತಿಂಗಳಿಗೆ ಒಂದೇ ಆರ್ಡರ್ ತಗೋತೀನಿ." ರೇಟು ಕೇಳುವವರಿಗೆ, ಕೊರಿಯರ್ ವಿಚಾರಿಸುವವರಿಗೆ, ತೊಳೆಯೋದು ಹೇಗೆ ಅನ್ನುವವರಿಗೆ ಮೂರು 'ಕ್ವಿಕ್ ರಿಪ್ಲೈ' ಬರೆದಿಟ್ಟಿದ್ದೇನೆ. ಕ್ಯಾಟಲಾಗ್‌ನಲ್ಲಿ ಫೋಟೊ, ಅಳತೆ, ಬೆಲೆ ಹಾಕಿಟ್ಟರೆ ಅರ್ಧ ಪ್ರಶ್ನೆಗಳು ಬರುವುದೇ ಇಲ್ಲ.

"ಹಳೇ ಸೀರೆಗೆ ಇಷ್ಟು ರೇಟಾ?" ಎಂದು ಒಬ್ಬರು ಬರೆದಿದ್ದರು. ಆ ಒಂದು ಸಾಲಿಗೆ ಉತ್ತರ ಬರೆದು, ಅಳಿಸಿ, ಮತ್ತೆ ಬರೆದು ಒಂದು ಇಡೀ ಮಧ್ಯಾಹ್ನ ಹಾಳು ಮಾಡಿಕೊಂಡೆ. ಈಗ ನನ್ನ ನಿಯಮ ಸರಳ. ಪ್ರಶ್ನೆಯಾಗಿದ್ದರೆ ಉತ್ತರ. ಕುಟುಕಿದ್ದರೆ ಮರುದಿನದವರೆಗೆ ಮುಟ್ಟೋದಿಲ್ಲ, ಮರುದಿನವೂ ಕುಟುಕಿನಂತೆ ಕಂಡರೆ ಅಳಿಸಿಬಿಡುತ್ತೇನೆ. ಹೊಲಸು ಮಾತಾಗಿದ್ದರೆ ಬ್ಲಾಕ್, ಯೋಚನೆಯೇ ಇಲ್ಲ. ಇನ್‌ಸ್ಟಾಗ್ರಾಂನ 'ಹಿಡನ್ ವರ್ಡ್ಸ್' ಎಂಬಲ್ಲಿ ಬೇಡದ ಶಬ್ದಗಳನ್ನು ಸೇರಿಸಿಟ್ಟರೆ ಆ ಶಬ್ದವಿರುವ ಕಮೆಂಟು ಕಣ್ಣಿಗೇ ಬೀಳಲ್ಲ. ಕನ್ನಡದಲ್ಲೂ ಸೇರಿಸಿ, ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಕನ್ನಡದಲ್ಲೂ ಸೇರಿಸಿ. ಬೈಯುವವರು ಹೆಚ್ಚಾಗಿ ಅದರಲ್ಲೇ ಬೈಯುತ್ತಾರೆ.

ಹೆಣ್ಣುಮಕ್ಕಳಿಗೆ ಎರಡು ಮಾತು ಬಿಡಿಸಿ ಹೇಳಬೇಕು. ವ್ಯಾಪಾರಕ್ಕೆ ಬೇರೆ ಸಿಮ್ ಇಟ್ಟುಕೊಳ್ಳಿ. ಮನೆ ನಂಬರ್ ಎಲ್ಲೂ ಹಾಕಬೇಡಿ. ವಿಡಿಯೊದಲ್ಲಿ ಮನೆ ಬಾಗಿಲಿನ ನಂಬರ್, ಮಕ್ಕಳ ಶಾಲೆಯ ಸಮವಸ್ತ್ರ ಕಾಣದಂತೆ ನೋಡಿಕೊಳ್ಳಿ. ನಾನು ಒಂದು ತಿಂಗಳು ಹಗ್ಗದ ಮೇಲೆ ಒಣಗಿದ್ದ ಮಗನ ಯೂನಿಫಾರ್ಮಿನ ಮುಂದೆಯೇ ಕೌದಿ ತೋರಿಸಿದ್ದೆ!

ಇನ್ನು ಮೋಸ. ನಮ್ಮಂಥ ಸಣ್ಣ ವ್ಯಾಪಾರದವರಿಗೆ ಬರುವ ಒಂದು ಮಾಮೂಲಿ ಕರೆ ಇದೆ. ತಾವು ಸೈನ್ಯದವರು, ಕ್ಯಾಂಪಿಗೆ ಇಪ್ಪತ್ತು ಬೇಕು, ರೇಟು ಚೌಕಾಸಿ ಇಲ್ಲ, ಈಗಲೇ ದುಡ್ಡು ಹಾಕುತ್ತೇವೆ ಅನ್ನುತ್ತಾರೆ. ಆಮೇಲೆ ಒಂದು ಕ್ಯೂಆರ್ ಕೋಡ್ ಕಳಿಸಿ, "ಸ್ಕ್ಯಾನ್ ಮಾಡಿ, ಪಿನ್ ಹಾಕಿ, ಹಣ ಬರುತ್ತೆ" ಎನ್ನುತ್ತಾರೆ. ಹಣ ಬರಲು ಪಿನ್ ಬೇಕಾಗಿಲ್ಲ. ಪಿನ್ ಹಾಕಿದರೆ ಹಣ ಹೋಗುತ್ತದೆ, ಅಷ್ಟೇ. ಈ ಕರೆ ನನಗೂ ಬಂದಿತ್ತು. ಒಂದೇ ಸಲ ಇಪ್ಪತ್ತು ಕೌದಿ ಕೇಳಿದ್ದಕ್ಕೇ ಅನುಮಾನ ಬಂದು ಉಳಿದೆ, ಜಾತ್ರೆಯ ಪಾಠ ಕೆಲಸಕ್ಕೆ ಬಂತು. ಹಣ ಹೋಗಿಬಿಟ್ಟರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಸೈಬರ್ ವಂಚನೆಗೆ ಇರುವ ಸಹಾಯವಾಣಿ ಅದು, ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ಫೋಟೊ ಕಳ್ಳರೂ ಇದ್ದಾರೆ. ಯಾರದೋ ಪುಟದಲ್ಲಿ ನನ್ನ ಕೌದಿ ಅವರ ಹೆಸರಲ್ಲಿ ನೋಡಿದೆ. ಮೂಲೆಯಲ್ಲಿದ್ದ ನನ್ನ ಹೆಸರನ್ನು ಕತ್ತರಿಸಿದ್ದರು. ರಿಪೋರ್ಟ್ ಮಾಡಿ ತೆಗೆಸಲು ಎರಡು ವಾರ ಹಿಡಿಯಿತು. ಈಗ ಹೆಸರನ್ನು ಕೌದಿಯ ನಟ್ಟ ನಡುವೆ ತೆಳ್ಳಗೆ ಹಾಕುತ್ತೇನೆ.

ಆರನೇ ಹೆಜ್ಜೆ: ಹಾಕದೇ ಇರುವುದನ್ನೂ ಇಟ್ಟುಕೊಳ್ಳಿ

ಇದು ಸೆಟ್ಟಿಂಗ್ಸ್‌ನಲ್ಲಿ ಸಿಗಲ್ಲ. ವರ್ಷಕ್ಕೆ ಒಂದು ಕೌದಿಯನ್ನು ನಾನು ಫೋಟೊ ತೆಗೆಯುವುದೇ ಇಲ್ಲ. ಈ ವರ್ಷದ್ದು ನಾದಿನಿಯ ಕೂಸಿಗೆ. ಅದನ್ನು ಹೊಲಿಯುವಾಗ ಬಣ್ಣ ಕ್ಯಾಮೆರಾಕ್ಕೆ ಹೊಂದುತ್ತದೋ ಇಲ್ಲವೋ ಎಂಬ ಯೋಚನೆಯೇ ಬರಲಿಲ್ಲ. ಮೆತ್ತಗಿದೆಯಾ ಅಂತ ಕೆನ್ನೆಗೆ ಒತ್ತಿ ಒತ್ತಿ ನೋಡಿದೆ. ರೀಲ್‌ಗೆ ಹೊಲಿಯುವಾಗ ನಾನು ಯಾವತ್ತೂ ಬಟ್ಟೆಯನ್ನು ಕೆನ್ನೆಗೆ ಒತ್ತಿರಲಿಲ್ಲ. ಗಾಢ ಕೆಂಪು, ಹಳದಿ ಇದ್ದರೆ ರೀಲ್ ಓಡುತ್ತದೆ ಎಂದು ಗೊತ್ತಾದ ಮೇಲೆ ನನ್ನ ಕೌದಿಗಳೆಲ್ಲ ಕೆಂಪು ಹಳದಿ ಆಗತೊಡಗಿದ್ದವು. ಮಾಸಿದ ನೀಲಿ ಧೋತರದ ತುಂಡು, ಬಿಳಿ ಬಟ್ಟೆ ಪೆಟ್ಟಿಗೆಯಲ್ಲೇ ಬಿದ್ದಿದ್ದವು. ಅವೆಲ್ಲ ಈಗ ಕೂಸಿನ ಕೌದಿಯಲ್ಲಿವೆ.

ಕಲೆಯನ್ನು ಹಂಚಲು ಫೋನ್ ಒಂದೇ ದಾರಿಯೂ ಅಲ್ಲ. ನಮ್ಮ ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆಯಾಟಕ್ಕಾಗಿ 2025ರಲ್ಲಿ ಪದ್ಮಶ್ರೀ ಬಂತು. ಆಗ ಅವರಿಗೆ ತೊಂಬತ್ತು ದಾಟಿತ್ತು. ಆ ಕಲೆ ಅವರ ಕೈಗೆ ಬಂದದ್ದು ಮನೆತನದಿಂದ, ಮುಂದೆ ಹೋಗುತ್ತಿರುವುದೂ ಮನೆಯವರ ಜೊತೆ ಕೂತು ಆಡಿಸಿಯೇ. ನಾನು ಈಗ ಶನಿವಾರ ಮಧ್ಯಾಹ್ನ ಓಣಿಯ ಇಬ್ಬರು ಹುಡುಗಿಯರಿಗೆ ಹೊಲಿಗೆ ಕಲಿಸುತ್ತೇನೆ. ಫೋನ್ ಡಬ್ಬಿಯ ಮೇಲೆ. ಒಬ್ಬಳ ಹೊಲಿಗೆ ನನಗಿಂತ ನೇರ ಬರುತ್ತಿದೆ. ಅದನ್ನು ನೋಡಿದವರು ನಾವು ಮೂವರೇ, ಜೊತೆಗೆ ನಮ್ಮತ್ತೆ.

ಕೈ ಮೀರಿದರೆ

ರಾತ್ರಿ ನಿದ್ದೆ ಹೋಗುತ್ತಿದೆ, ಫೋನ್ ಕಸಿದರೆ ಸಿಟ್ಟು ತಡೆಯಲು ಆಗುತ್ತಿಲ್ಲ, ವ್ಯೂಸ್ ಬೀಳುತ್ತಿದ್ದಂತೆ ತಾನು ಯಾತಕ್ಕೂ ಬೇಡದವಳು ಅನಿಸುತ್ತಿದೆ ಎಂದಾದರೆ ಮೇಲಿನ ಹೆಜ್ಜೆಗಳು ಸಾಲವು. 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಎಂಬ ಸರ್ಕಾರದ ಸೇವೆ ಅದು, 2022ರ ಅಕ್ಟೋಬರ್‌ನಿಂದ ಇದೆ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಫೋನ್ ಗೀಳಿಗೆಂದೇ 2014ರಿಂದ 'ಶಟ್' ಎಂಬ ಕ್ಲಿನಿಕ್ ಕೂಡ ನಡೆಯುತ್ತಿದೆ. ಹೋದರೆ ನಾಚಿಕೆ ಏನಿಲ್ಲ. ಹಲ್ಲು ನೋವಿಗೆ ಹೋಗಲ್ವಾ?

ಮೂರು ತಿಂಗಳಿಗೊಮ್ಮೆ ಮತ್ತೆ ನೋಟುಬುಕ್ಕು ತೆಗೆದು ಒಂದು ವಾರದ ಲೆಕ್ಕ ಬರೆಯಿರಿ. ಎರಡೂ ಬದಿ. ಜಾತ್ರೆ, ದೀಪಾವಳಿ ಸಮಯದಲ್ಲಿ ಬಲಗಡೆ ಉಬ್ಬುತ್ತದೆ, ಗಾಬರಿ ಬೇಡ. ಹೋದ ವಾರದ ನನ್ನದು ಹೇಳುತ್ತೇನೆ. ಹಾಕಿದ್ದು ಮೂರು ಗಂಟೆ. ನೋಡಿದ್ದು ಮೂರು ಗಂಟೆ ನಲವತ್ತು ನಿಮಿಷ. ಅದರಲ್ಲಿ ಎರಡು ಗಂಟೆ ಯಾರೋ ಒಬ್ಬರು ಹೊಲದಲ್ಲಿ ಕೂತು ಕಟ್ಟಿಗೆ ಒಲೆಯ ಮೇಲೆ ಅಡುಗೆ ಮಾಡುವ ವಿಡಿಯೊ. ನಮ್ಮತ್ತೆಯೂ ಪಕ್ಕದಲ್ಲಿ ಕೂತು ನೋಡುತ್ತಾರೆ, "ಉಪ್ಪ ಜಾಸ್ತಿ ಹಾಕಿದ್ಲು ನೋಡು" ಅನ್ನುತ್ತಾರೆ. ಅದನ್ನು ಬಿಡುವ ವಿಚಾರ ಸದ್ಯಕ್ಕಿಲ್ಲ.